ಹೆತ್ತವರ ಆರೈಕೆ: ಮೊದಲ ಮಾತು ಯಾರದು?



ಮಕ್ಕಳು ಗಲ್ಫಿನಲ್ಲಿ, ಹೆತ್ತವರು ಊರಿನಲ್ಲಿ. ವೃದ್ಧರ ವಸತಿಯೆಂದರೆ ಮೂಗು ಮುರಿಯುವ ನಾವು, ದೊಡ್ಡ ಮನೆಯಲ್ಲಿ ಒಂಟಿಯಾಗಿರುವ ತಾಯಿಯ ಕುರಿತು ಮೌನ ವಹಿಸುತ್ತೇವೆ.

ಮನೆಯಲ್ಲಿ ಆರೈಕೆ ಅಸಾಧ್ಯವಾದಾಗ ನಮ್ಮ ಮುಂದೆ ಎರಡು ದಾರಿಗಳಿವೆ. ಬೆರಳೆಣಿಕೆಯ ವೃದ್ಧರನ್ನು ನೋಡಿಕೊಳ್ಳುವ ಪುಟ್ಟ ಆರೈಕೆ ಮನೆ ಒಂದು. ಸ್ವಂತ ಕೋಣೆಯೊಂದಿಗೆ ಊಟ, ಸ್ನಾನ, ಔಷಧಿಗೆ ನೆರವು ದೊರೆಯುವ ದೊಡ್ಡ 'ಅಸಿಸ್ಟೆಡ್ ಲಿವಿಂಗ್' ಸಮುಚ್ಚಯ ಇನ್ನೊಂದು. ಓಡಾಡಬಲ್ಲ, ಒಡನಾಟ ಬಯಸುವ ತಂದೆಗೆ ಎರಡನೆಯದು ಒಪ್ಪೀತು. ಮರೆವಿನ ಕಾಯಿಲೆಯ ತಾಯಿಗೆ ನಿತ್ಯವೂ ಅವೇ ಮುಖಗಳಿರುವ ಪುಟ್ಟ ಮನೆ ಹಿತವಾದೀತು. ಆದರೆ ಅಲ್ಲಿ ಸಿಬ್ಬಂದಿ ಕಡಿಮೆ. ರಾತ್ರಿ ಎಚ್ಚರವಿರುವವರು ಯಾರು? ಹಾಸಿಗೆ ಹಿಡಿದರೂ ಇರಿಸಿಕೊಳ್ಳುವರೇ? ಆರೈಕೆ ಹೆಚ್ಚಿದಂತೆ ಶುಲ್ಕವೆಷ್ಟು? ಎರಡೂ ಕಡೆ ಉತ್ತರವನ್ನು ಬರಹದಲ್ಲಿ ಪಡೆಯಬೇಕು.

2007ರ ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯು ಪೋಷಣೆಯನ್ನು ಮಕ್ಕಳ ಹೊಣೆಯನ್ನಾಗಿಸಿದೆ. ಹಿರಿಯರನ್ನು ತೊರೆದವರಿಗೆ 3 ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂ.ವರೆಗೆ ದಂಡ, ಇಲ್ಲವೇ ಎರಡೂ ಉಂಟು. ಆದರೆ ತಿಂಗಳ ಶುಲ್ಕ ಕಟ್ಟಿ ಭೇಟಿಯನ್ನೇ ಮರೆತ ಮಗನನ್ನು ಯಾವ ಕಾಯ್ದೆ ತಿದ್ದೀತು?

ಆದ್ದರಿಂದ ನಿರ್ಧರಿಸುವ ಮೊದಲು ಹೆತ್ತವರನ್ನು ಕರೆದೊಯ್ದು ಎರಡನ್ನೂ ತೋರಿಸೋಣ. ಬಾಳಬೇಕಾದವರು ಅವರು, ಮೊದಲ ಮಾತೂ ಅವರದಾಗಲಿ.