ಗೆದ್ದ ಮರುದಿನದ ಕೆಲಸ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಾವು ಹಳೆಯ ವಿದ್ಯಾರ್ಥಿಗಳು ಬೆಳಿಗ್ಗೆಯಿಂದ ಹಲವು ಭರವಸೆ ಕೊಟ್ಟಿದ್ದೇವೆ. ಕಂಪ್ಯೂಟರ್ ಕೊಠಡಿ, ಗ್ರಂಥಾಲಯಕ್ಕೆ ಪುಸ್ತಕ, ಹೆಣ್ಣುಮಕ್ಕಳಿಗೆ ಶೌಚಾಲಯ. ಸಂಘಕ್ಕೆ ಹೊಸ ಪದಾಧಿಕಾರಿಗಳೂ ಆಯ್ಕೆಯಾಗಿದ್ದಾರೆ. ಆದ್ದರಿಂದ ಆಯ್ಕೆಯಾದವರು ಕೊಟ್ಟ ಮಾತು ಹೇಗೆ ನಡೆಯುತ್ತದೆ ಎಂಬುದನ್ನು ನಾವೆಲ್ಲ ಕಂಡ ಒಂದು ಉದಾಹರಣೆಯಿಂದ ಹೇಳುತ್ತೇನೆ. ಯಾವ ಪಕ್ಷದ ಪರವೂ ಅಲ್ಲ, ವಿರೋಧವೂ ಅಲ್ಲ.

ಅಮೆರಿಕದಲ್ಲಿ ನವೆಂಬರ್‌ನಲ್ಲಿ ಗೆದ್ದ ಅಧ್ಯಕ್ಷರು ಜನವರಿ 20ರಂದು ಪ್ರಮಾಣವಚನ ಸ್ವೀಕರಿಸುತ್ತಾರೆ. ನಡುವೆ ಸುಮಾರು 11 ವಾರ. ಆ ಅವಧಿಯಲ್ಲಿ ಅವರ ತಂಡ ಒಂದೊಂದು ಇಲಾಖೆಗೂ ಹೋಗಿ ಕೆಲಸ ತಿಳಿದುಕೊಳ್ಳುತ್ತದೆ. ಅದಕ್ಕೆಂದೇ 1964ರಿಂದ ಕಾನೂನಿದೆ. ನಮ್ಮಲ್ಲಿ ಅಂಥ ತಂಡವಿಲ್ಲ. 2023ರ ಮೇ 13ರಂದು ನಮ್ಮ ವಿಧಾನಸಭೆಯ ಫಲಿತಾಂಶ ಬಂತು. ಮೇ 20ರಂದು ಸಿದ್ದರಾಮಯ್ಯನವರು ಪ್ರಮಾಣವಚನ ಸ್ವೀಕರಿಸಿದರು. ನಡುವಿನ ಒಂದು ವಾರದ ಹೆಚ್ಚಿನ ಭಾಗ ಮುಖ್ಯಮಂತ್ರಿ ಯಾರು ಎಂಬ ಚರ್ಚೆಯಲ್ಲೇ ಹೋಯಿತು. ಅದೇ ದಿನದ ಮೊದಲ ಸಚಿವ ಸಂಪುಟ ಸಭೆ ಐದು ಗ್ಯಾರಂಟಿಗಳಿಗೆ ತಾತ್ವಿಕ ಒಪ್ಪಿಗೆ ಕೊಟ್ಟಿತು.

ತಾತ್ವಿಕ ಒಪ್ಪಿಗೆ ಎಂದರೆ ಕೆಲಸ ಮುಗಿದಂತಲ್ಲ, ಶುರುವಾದಂತೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಹೀಗೆಯೇ. ಗ್ರಾಹಕರು ಒಂದೇ ಸಾಲಿನಲ್ಲಿ ಬೇಕಾದ್ದನ್ನು ಹೇಳುತ್ತಾರೆ. ಆ ಸಾಲಿನೊಳಗೆ ನೂರು ಪ್ರಶ್ನೆ ಇರುತ್ತವೆ. "ಮನೆಯ ಯಜಮಾನಿಗೆ 2000 ರೂಪಾಯಿ" ಎಂದರು. ಅತ್ತೆ ಸೊಸೆ ಕೂಡಿ ಇರುವ ಮನೆಯಲ್ಲಿ ಯಜಮಾನಿ ಯಾರು? ಪಡಿತರ ಚೀಟಿಯಲ್ಲಿ ಯಾರ ಹೆಸರು ಯಜಮಾನಿ ಎಂದಿದೆಯೋ ಅವರು ಎಂದು ತೀರ್ಮಾನವಾಯಿತು. "200 ಯೂನಿಟ್ ವಿದ್ಯುತ್ ಉಚಿತ" ಎಂದರು. ಜಾರಿಯಾಗುವಾಗ ಅದು ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಶೇ. 10, ಒಟ್ಟು ಮಿತಿ 200 ಯೂನಿಟ್ ಎಂದಾಯಿತು.

ಐದರಲ್ಲಿ ಬೇಗ ಬಂದದ್ದು ಶಕ್ತಿ ಯೋಜನೆ, 2023ರ ಜೂನ್ 11ರಂದು. ಬಸ್ಸು, ಕಂಡಕ್ಟರು, ಟಿಕೆಟ್ ಯಂತ್ರ ಎಲ್ಲವೂ ಮೊದಲೇ ಇದ್ದವು. ಶೂನ್ಯ ದರದ ಟಿಕೆಟ್ ಕೊಟ್ಟರೆ ಸಾಕಿತ್ತು. ಗೃಹಲಕ್ಷ್ಮಿಗೆ ಅರ್ಜಿ, ಆಧಾರ್, ಬ್ಯಾಂಕ್ ಖಾತೆ ಎಲ್ಲ ಕೂಡಿಬರಬೇಕಿತ್ತು. ಅದು ಆಗಸ್ಟ್ 30ರಂದು ಶುರುವಾಯಿತು. ಯುವನಿಧಿಗೆ 2024ರ ಜನವರಿ 12ರವರೆಗೆ ಕಾಯಬೇಕಾಯಿತು.

ಅಕ್ಕಿಯ ಕಥೆಯಲ್ಲಿ ದೊಡ್ಡ ಪಾಠವಿದೆ. ತಲೆಗೆ 10 ಕೆಜಿ ಎಂದು ಮಾತು ಕೊಟ್ಟಾಗಿತ್ತು. ಆದರೆ ಕೇಂದ್ರದ ದಾಸ್ತಾನಿನಿಂದ ರಾಜ್ಯಗಳಿಗೆ ಅಕ್ಕಿ ಮಾರುವುದು ಜೂನ್‌ನಲ್ಲಿ ನಿಂತಿತು. ಆಗ ಹೆಚ್ಚುವರಿ 5 ಕೆಜಿಗೆ ಬದಲಾಗಿ ಕೆಜಿಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. 2025ರಲ್ಲಿ ಹಣದ ಬದಲು ಅಕ್ಕಿಯನ್ನೇ ಕೊಡುವ ತೀರ್ಮಾನವಾಯಿತು. ನಮ್ಮ ಮಾತಿನ ಕೀಲಿ ಬೇರೆಯವರ ಕೈಯಲ್ಲಿ ಇರಬಹುದು. ಅದನ್ನು ಮಾತು ಕೊಡುವ ಮೊದಲೇ ನೋಡಬೇಕು. ಆಗದೆ ಹೋದರೆ ಸುಮ್ಮನಾಗದೆ, ಬದಲಿಗೆ ಏನು ಮಾಡುತ್ತೇವೆ ಎಂದು ಜನರ ಮುಂದೆ ಹೇಳಬೇಕು.

ಕೊನೆಯದು ಹಣ. 2023ರ ಜುಲೈ ಬಜೆಟ್ಟಿನಲ್ಲಿ ಐದೂ ಯೋಜನೆಗಳಿಗೆ ವರ್ಷಕ್ಕೆ ಸುಮಾರು 52,000 ಕೋಟಿ ರೂಪಾಯಿ ಎಂದು ಲೆಕ್ಕ ಕೊಟ್ಟರು. ಇದು ಒಂದು ಸಲ ಕೊಟ್ಟು ಮುಗಿಯುವ ಖರ್ಚಲ್ಲ. ಗೃಹಲಕ್ಷ್ಮಿಯ ಕೆಲವು ಕಂತು ತಡವಾದಾಗ ನಮ್ಮ ಮನೆಗಳಲ್ಲಿ ಎಷ್ಟು ಮಾತಾಯಿತೆಂದು ತಾಯಂದಿರಿಗೆ ಗೊತ್ತು. ಮೊದಲ ಕಂತಿಗೆ ಚಪ್ಪಾಳೆ ಸಿಗುತ್ತದೆ, ಇಪ್ಪತ್ತನೆಯದಕ್ಕೆ ಸಿಗುವುದಿಲ್ಲ. ಆದರೆ ಮಾತು ಉಳಿಯುವುದು ಆ ಇಪ್ಪತ್ತನೆಯ ಕಂತಿನಲ್ಲೇ.

ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಣಿಯಲ್ಲಿ ಪಾಳಿ ಬದಲಾಗುವಾಗ ಹೊರಗೆ ಬರುವವರು ಒಳಗೆ ಹೋಗುವವರಿಗೆ ಎಲ್ಲಿ ಕಲ್ಲು ಸಡಿಲವಿದೆ, ಯಾವ ಕೆಲಸ ಅರ್ಧಕ್ಕೆ ನಿಂತಿದೆ ಎಂದು ತಿಳಿಸಬೇಕು. ಅದು ತಪ್ಪಿದರೆ ಜೀವಕ್ಕೇ ಅಪಾಯ. ಸಂಘಗಳಲ್ಲಿ ಹಾಗಲ್ಲ. ಹಳೆಯ ಪದಾಧಿಕಾರಿಗಳ ಚೀಲದಲ್ಲೇ ಪುಸ್ತಕ, ರಸೀದಿ ಉಳಿದುಬಿಡುತ್ತವೆ. ಹೊಸಬರು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ.

ಹಾಗಾಗಿ ಹೊಸ ಪದಾಧಿಕಾರಿಗಳಲ್ಲಿ ನನ್ನದು ಒಂದು ವಿನಂತಿ. ಇವತ್ತು ಕೊಟ್ಟ ಒಂದೊಂದು ಮಾತಿನ ಮುಂದೆ ಮೂರು ವಿಷಯ ಬರೆಯಿರಿ: ಯಾರು ಮಾಡುತ್ತಾರೆ, ಹಣ ಎಲ್ಲಿಂದ, ಯಾವ ದಿನದೊಳಗೆ. ಕಂಪ್ಯೂಟರ್ ಕೊಠಡಿಗೆ ನಾಲ್ಕನೆಯದನ್ನೂ ಸೇರಿಸಿ: ಮೂರು ವರ್ಷದ ನಂತರ ಕೆಟ್ಟರೆ ರಿಪೇರಿ ಯಾರದು? ಶೌಚಾಲಯಕ್ಕಾದರೆ ನೀರು ಎಲ್ಲಿಂದ, ತೊಳೆಯುವವರಿಗೆ ಸಂಬಳ ಯಾರು ಕೊಡುತ್ತಾರೆ? ಇವಕ್ಕೆ ಉತ್ತರವಿಲ್ಲದಿದ್ದರೆ ಒಂದು ಮಾತು ಕಡಿಮೆ ಕೊಡೋಣ, ಪರವಾಗಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಆ ಪಟ್ಟಿಯನ್ನು ಬರುವ ಆಗಸ್ಟ್ 15ರಂದು ಧ್ವಜಾರೋಹಣವಾದ ಮೇಲೆ ಇದೇ ಅಂಗಳದಲ್ಲಿ ಓದೋಣ. ಆಗಿದ್ದನ್ನೂ ಓದೋಣ, ಆಗದ್ದನ್ನೂ ಓದೋಣ. ಕೇಳುವವರು ಈ ಮಕ್ಕಳಾಗಿರಲಿ. ನನ್ನ ಪಾಲಿಗೆ ಬಂದ ಸಾಲಿನ ಮುಂದೆ ನನ್ನ ಹೆಸರನ್ನೂ ದಿನಾಂಕವನ್ನೂ ಈಗಲೇ ಬರೆದುಕೊಳ್ಳಿ.