ನೆರೆಯವರ ಹಬ್ಬ ಮತ್ತು ನಮ್ಮ ಮರ್ಯಾದೆ



ಹೊಸಪೇಟೆ, ಕಂಪ್ಲಿ, ಸಂಡೂರುಗಳ ಕಥೋಲಿಕರು 1949ರಲ್ಲಿ ಸ್ಥಾಪಿತವಾದ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದವರು, ನಮ್ಮಂತೆಯೇ ಅಲ್ಪಸಂಖ್ಯಾತರು. ಪವಿತ್ರ ಕುರ್‌ಆನಿನ 19ನೇ ಅಧ್ಯಾಯಕ್ಕೆ ಹಝ್ರತ್ ಮರ್ಯಮರ ಹೆಸರೇ ಇದೆ. ಆದರೂ ಯೇಸುವನ್ನು ದೇವಪುತ್ರರೆಂದು ನಾವು ಒಪ್ಪುವುದಿಲ್ಲ. ಅದನ್ನು ಮರೆಮಾಚಬೇಕಾಗಿಯೂ ಇಲ್ಲ. ಭಿನ್ನತೆಯನ್ನರಿತು ನಡೆಯುವುದೇ ನಿಜವಾದ ಗೌರವ.

ಶುಭ ಶುಕ್ರವಾರವು ಅವರಿಗೆ ಉಪವಾಸ ಮತ್ತು ಶೋಕದ ದಿನ. ಹೆಸರಿನಲ್ಲಿ ‘ಶುಭ’ವಿದೆಯೆಂದು ಶುಭಾಶಯ ಕೋರುವುದು ಸಲ್ಲದು. ಕ್ರಿಸ್‌ಮಸ್‌ಗೆ ಅತಿಥಿಗಳಾಗಿ ಚರ್ಚಿಗೆ ಹೋದಾಗ ಪರಮಪ್ರಸಾದದ ಸಾಲಿನಲ್ಲಿ ನಿಲ್ಲಬಾರದು. ಅದು ಹಬ್ಬದ ಸಿಹಿಯಲ್ಲ, ಅವರ ಸಂಸ್ಕಾರ. ಮನೆಗೆ ಕಳುಹಿಸಿದ ಸಿಹಿಯನ್ನು ಮಾತ್ರ ಪ್ರೀತಿಯಿಂದ ಸ್ವೀಕರಿಸೋಣ.

ನಮ್ಮ ಅಂಗಡಿ, ವರ್ಕ್‌ಶಾಪ್‌ಗಳಲ್ಲಿ ದುಡಿಯುವ ಕ್ರೈಸ್ತರಿಗೆ ಆ ದಿನಗಳಂದು ಕೇಳುವ ಮೊದಲೇ ರಜೆ ಕೊಡೋಣ. ಈದ್‌ಗಾಗಿ ನಾವು ಇತರರಿಂದ ಬಯಸುವುದೂ ಇದನ್ನೇ ಅಲ್ಲವೇ?