ಹುಟ್ಟು ಸಾವಿನ ಪುಸ್ತಕ

ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಬಂದವರು ಅಮೃತೇಶ್ವರ ದೇವಾಲಯದ ಶಿಲ್ಪಗಳನ್ನು ಕಂಡು ಬೆರಗಾಗುತ್ತಾರೆ. ಕನ್ನಡದ ಉಪಾಧ್ಯಾಯನಾದ ನನ್ನನ್ನು ಮೊದಲು ಸೆಳೆಯುವುದು ಅಲ್ಲಿಯ ಶಾಸನ. ಹೊಯ್ಸಳ ವೀರಬಲ್ಲಾಳನ ದಂಡನಾಯಕನು ೧೧೯೬ರಲ್ಲಿ ಕಟ್ಟಿಸಿದ ಗುಡಿ ಇದು. ಶಾಸನದ ಪದ್ಯಗಳು ಜನ್ನ ಕವಿಯವು. ನಮ್ಮ ಹಿರಿಯರು ಬರೆದಿಡುವುದರಲ್ಲಿ ಸೋಮಾರಿಗಳಾಗಿರಲಿಲ್ಲ. ದತ್ತಿ ಬಿಟ್ಟ ಭೂಮಿಯ ಎಲ್ಲೆಯನ್ನು ನಾಲ್ಕು ದಿಕ್ಕಿಗೂ ಕೊರೆಯಿಸುತ್ತಿದ್ದರು. ಅಷ್ಟೇ ಅಲ್ಲ, ಸಾವಿನ ಕಾರಣವನ್ನೂ ಕಲ್ಲಿನಲ್ಲಿ ಬರೆಯಿಸುತ್ತಿದ್ದರು. ತುರುಗಳನ್ನು ಬಿಡಿಸಿಕೊಂಡು ಬರಲು ಹೋಗಿ ಮಡಿದವನು ಇಂಥವನು, ಇಂಥವನ ಮಗನು ಎಂದು ವೀರಗಲ್ಲು ಇಂದಿಗೂ ಹೇಳುತ್ತಿದೆ.

ಆದರೆ ಜ್ವರ ಬಂದು ಸತ್ತ ಮಗುವಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ.

ನನ್ನ ತಾಯಿ ತಮಗೆ ಐದು ಮಕ್ಕಳೆಂದೇ ಕೊನೆಯವರೆಗೂ ಹೇಳುತ್ತಿದ್ದರು. ನಾವು ಬೆಳೆದವರು ನಾಲ್ವರು. ನಾನು ಹುಟ್ಟುವುದಕ್ಕೆ ಮೊದಲೇ ನಮ್ಮ ದೊಡ್ಡಕ್ಕ ನಾಲ್ಕು ವರ್ಷದವಳಾಗಿದ್ದಾಗ ತೀರಿಕೊಂಡಳು. ‘ಏನಾಗಿತ್ತಮ್ಮಾ?’ ಎಂದು ಕೇಳಿದರೆ, ‘ಜ್ವರ ಬಂತು, ಹೋದಳು’ ಎನ್ನುತ್ತಿದ್ದರು. ಅದೇ ಬೇಸಗೆಯಲ್ಲಿ ನಮ್ಮ ಬೀದಿಯ ಇನ್ನಿಬ್ಬರು ಮಕ್ಕಳೂ ಹಾಗೆಯೇ ಹೋದರಂತೆ. ಮುಂದೆ ನಾನು ವಿಚಾರಿಸಿದಾಗ ನಮ್ಮಕ್ಕ ಹುಟ್ಟಿದ್ದಕ್ಕೂ ದಾಖಲೆ ಸಿಗಲಿಲ್ಲ, ಸತ್ತದ್ದಕ್ಕೂ ಸಿಗಲಿಲ್ಲ. ಬರೆಯಿಸಬೇಕೆಂದು ನಮ್ಮ ಮನೆಯವರಿಗೇ ತೋಚಿರಲಿಲ್ಲ. ಆ ಮೂರು ಸಾವುಗಳು ಒಂದೇ ಪುಟದಲ್ಲಿ ಒಂದರ ಕೆಳಗೊಂದು ಬಂದಿದ್ದರೆ, ಅದನ್ನು ಕಂಡ ಒಬ್ಬ ಅಧಿಕಾರಿಯಾದರೂ ‘ಈ ಬೀದಿಯಲ್ಲಿ ಏನು ನಡೆಯುತ್ತಿದೆ?’ ಎಂದು ಕೇಳಬಹುದಾಗಿತ್ತು. ಬರೆಯದೆ ಹೋದುದರಿಂದ ಅದು ಮೂರು ಮನೆಗಳ ದುಃಖವಾಗಿ ಉಳಿಯಿತು, ಊರಿಗೆ ಎಚ್ಚರಿಕೆಯಾಗಲಿಲ್ಲ.

ಬರೆದ ಕಡೆಯಲ್ಲಾದರೂ ಏನು ಬರೆದರು? ಆಂಗ್ಲರ ಕಾಲದ ಭಾರತದ ಮರಣ ಪಟ್ಟಿಗಳಲ್ಲಿ ಬಹುಭಾಗದ ಸಾವುಗಳು ‘ಜ್ವರ’ ಎಂಬ ಒಂದೇ ತಲೆಬರಹದ ಕೆಳಗೆ ಬಿದ್ದಿವೆ. ಮಲೇರಿಯ, ವಿಷಮಶೀತಜ್ವರ, ಬಾಣಂತಿಯ ನಂಜು ಎಲ್ಲವೂ ಅದರಲ್ಲಿ ಅಡಗಿಕೊಂಡವು. ಶತ್ರುವಿನ ಹೆಸರೇ ತಿಳಿಯದಿದ್ದರೆ ಯುದ್ಧ ಯಾರೊಡನೆ?

ಹೆಸರು ತಿಳಿದ ಒಂದು ಪ್ರಸಂಗ ನಮ್ಮ ನೆರೆಯ ಜಿಲ್ಲೆಯಲ್ಲೇ ಉಂಟು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳ ಜನರಿಗೂ ತೀವ್ರ ಜ್ವರ ಬಂತು. ಆ ಸುದ್ದಿ ಕಾಡಿನಲ್ಲೇ ಉಳಿಯದೆ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರೆಗೆ ಹೋಯಿತು. ವಿಜ್ಞಾನಿಗಳು ಬಂದು ನೋಡಿದರು. ಅದುವರೆಗೆ ಯಾರೂ ಅರಿಯದಿದ್ದ ವೈರಸ್ಸೊಂದು ಪತ್ತೆಯಾಯಿತು. ಅದನ್ನು ಹರಡುವುದು ಕಾಡಿನ ಉಣ್ಣೆಯೆಂದು ತಿಳಿಯಿತು. ನಮ್ಮವರು ಮಂಗನ ಕಾಯಿಲೆ ಎನ್ನುವ ಈ ರೋಗಕ್ಕೆ ಪ್ರಪಂಚದ ವೈದ್ಯಗ್ರಂಥಗಳಲ್ಲಿ ಕ್ಯಾಸನೂರಿನ ಹೆಸರೇ ನಿಂತಿದೆ. ರೋಗ ಇನ್ನೂ ಹೋಗಿಲ್ಲ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲೂ ಕಾಣಿಸಿಕೊಂಡಿದೆ. ಕಾಡಿನಂಚಿನಲ್ಲಿ ಮಂಗ ಸತ್ತಿದ್ದನ್ನು ಕಂಡವರು ಆರೋಗ್ಯ ಇಲಾಖೆಗೆ ತಿಳಿಸಬೇಕೆಂದು ಇಂದಿಗೂ ಹೇಳುತ್ತಾರೆ. ದೊಡ್ಡ ಪ್ರಯೋಗಶಾಲೆಯ ಕೆಲಸ ಪ್ರಾರಂಭವಾಗುವುದು ಸೌದೆಗೆ ಹೋದವನೊಬ್ಬನ ಮಾತಿನಿಂದ ಎಂಬುದನ್ನು ಮರೆಯಬಾರದು.

ಈಗ ಕಾನೂನು ಸ್ಪಷ್ಟವಾಗಿದೆ. ೧೯೬೯ರ ಜನನ ಮರಣ ನೋಂದಣಿ ಕಾಯಿದೆಯಂತೆ ಪ್ರತಿಯೊಂದು ಹುಟ್ಟನ್ನೂ ಸಾವನ್ನೂ ೨೧ ದಿನಗಳೊಳಗೆ ತಿಳಿಸಬೇಕು. ಮನೆಯಲ್ಲಾದರೆ ಆ ಹೊಣೆ ಮನೆಯ ಯಜಮಾನರದು, ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯದು. ೨೦೨೩ರ ತಿದ್ದುಪಡಿ ಆ ವರ್ಷದ ಅಕ್ಟೋಬರ್ ೧ರಿಂದ ಜಾರಿಗೆ ಬಂತು. ಆ ದಿನದಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರುವಾಗ ಜನನ ಪತ್ರವೇ ಪ್ರಮಾಣ. ನನಗೆ ಇದರಿಂದ ಸಂತೋಷವಾಗಿದೆ. ನಮ್ಮ ಕಾಲದಲ್ಲಿ ಮಗುವನ್ನು ಕಣ್ಣಳತೆಯಲ್ಲಿ ನೋಡಿ ಮೇಷ್ಟರು ಜೂನ್ ತಿಂಗಳಿನದೊಂದು ತಾರೀಖು ಬರೆದುಬಿಡುತ್ತಿದ್ದರು. ನನ್ನ ಜನ್ಮದಿನವೂ ಅಂಥದೇ!

ಹೀಗೆ ಪುಸ್ತಕ ಹೋಗಿ ಕಂಪ್ಯೂಟರು ಬಂದಿದೆ. ಆದರೆ ಬಾವಿಯಲ್ಲಿ ಇದ್ದದ್ದೇ ಕೊಡಕ್ಕೆ ಬರುವುದು. ೨೦೨೦ರಲ್ಲಿ ನಮ್ಮ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ದೃಢಪಡಿಸಿದವು ನೂರಕ್ಕೆ ೨೨.೫ ಮಾತ್ರ. ಉಳಿದವುಗಳಲ್ಲಿ ಮನೆಯವರು ಹೇಳಿದ್ದೇ ಕಾರಣ. ಪಟ್ಟಣದವರಾದ ನಾವು ಇದು ಹಳ್ಳಿಯವರ ತಪ್ಪೆಂದು ಭಾವಿಸಬಾರದು. ಕ್ಷಯವೆಂದು ಬರೆದರೆ ಮಗಳ ಮದುವೆಗೆ ಅಡ್ಡಿ, ಬೇರೇನಾದರೂ ಬರೆಯಿರಿ ಎಂದು ಅಂಗಲಾಚುವವರು ಓದಿದವರಲ್ಲೂ ಇದ್ದಾರೆ. ‘ವಯಸ್ಸಾಗಿತ್ತು’ ಎಂದರೂ ‘ಹೃದಯ ನಿಂತಿತು’ ಎಂದರೂ ಏನನ್ನೂ ಹೇಳಿದಂತಾಗಲಿಲ್ಲ. ಸಾಯುವವರೆಲ್ಲರ ಹೃದಯವೂ ನಿಲ್ಲುತ್ತದೆ. ಅದು ಏತಕ್ಕೆ ನಿಂತಿತು ಎಂಬುದು ಪ್ರಶ್ನೆ. ಚಿಕಿತ್ಸೆ ಮಾಡಿದ ವೈದ್ಯರಿಂದ ಮರಣ ಕಾರಣದ ಪತ್ರವನ್ನು ಶುಲ್ಕವಿಲ್ಲದೆ ಪಡೆಯಲು ಕಾನೂನಿನಲ್ಲಿ ಅವಕಾಶವಿದೆ. ದುಃಖದ ನಡುವೆ ಅದನ್ನು ಕೇಳುವುದು ಕಷ್ಟ, ನಿಜ. ಆದರೂ ಕೇಳಬೇಕು.

ಇನ್ನೊಂದು ಮಾತು. ಮನೆಮನೆಗೆ ಬಂದು ಬಸುರಿ ಬಾಣಂತಿಯರ ಲೆಕ್ಕ ಬರೆದುಕೊಳ್ಳುವ ಆಶಾ ಕಾರ್ಯಕರ್ತೆಯೊಬ್ಬರು ನನ್ನೊಡನೆ ಹೀಗೆಂದರು: ‘ಮೇಷ್ಟ್ರೇ, ಬರೆದು ಬರೆದು ಮೇಲಕ್ಕೆ ಕಳಿಸ್ತೀವಿ. ಅಲ್ಲಿಂದ ಕೆಳಕ್ಕೆ ಏನೂ ಬರೋದಿಲ್ಲ.’ ಈ ಮಾತಿನಲ್ಲಿ ದೊಡ್ಡ ಸತ್ಯವಿದೆ. ಊರಿನಿಂದ ಹೋದ ಲೆಕ್ಕ ಊರಿಗೆ ತಿರುಗಿ ಬರಬೇಕು. ಈ ವರ್ಷ ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಜನ ಸತ್ತರು, ಯಾವ ಯಾವ ಕಾರಣದಿಂದ ಎಂಬುದನ್ನು, ಯಾರ ಹೆಸರನ್ನೂ ಎತ್ತದೆ, ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದಿ ಹೇಳಿದರೆ ಸಾಕು. ಹೋದ ವರ್ಷಕ್ಕಿಂತ ವಾಂತಿಭೇದಿ ಹೆಚ್ಚಾಗಿದೆಯೆಂದು ಕಿವಿಗೆ ಬಿದ್ದರೆ ಜನ ತಾವಾಗಿಯೇ ಕುಡಿಯುವ ನೀರಿನ ವಿಚಾರ ಎತ್ತುತ್ತಾರೆ. ತಾನು ಕೊಟ್ಟ ಮಾಹಿತಿಯಿಂದ ತನಗೇ ಪ್ರಯೋಜನವಾಯಿತೆಂದು ಕಂಡವನು ಮುಂದಿನ ಸಲ ಸುಳ್ಳು ಬರೆಯಿಸುವುದಿಲ್ಲ.

ನಮ್ಮಕ್ಕನ ಹೆಸರನ್ನು ಇನ್ನು ಯಾವ ಪುಸ್ತಕದಲ್ಲಿಯೂ ಸೇರಿಸುವಂತಿಲ್ಲ. ಕೇಳುಗರಾದ ತಮ್ಮಲ್ಲಿ ನನ್ನ ಬಿನ್ನಹ ಇಷ್ಟೆ: ತಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟಿದಾಗ, ಹಾಗೆಯೇ ದುಃಖದ ದಿನ ಬಂದಾಗ, ೨೧ ದಿನ ಕಳೆಯುವುದರೊಳಗೆ ಹೋಗಿ ಬರೆಯಿಸಿರಿ, ನಿಜವನ್ನೇ ಬರೆಯಿಸಿರಿ. ಅದರಿಂದ ಪಕ್ಕದ ಮನೆಯ ಮಗು ಉಳಿದೀತು.